ಹೆಬ್ಬೆರಳ ನೋವು ಹೋಯ್ತು, ಮಾತ್ರೆ ಇನ್ನೂ ಯಾಕೆ?

ಪ್ರಶ್ನೆ: ನನಗೆ 46 ವರ್ಷ. ಕುಂದಾಪುರದ ಕಡೆಯವನು, ಡೊಂಬಿವಿಲಿಯಲ್ಲಿ ಹೋಟೆಲ್ ನಡೆಸುತ್ತೇನೆ. ಕಳೆದ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಬೆಂಕಿ ಇಟ್ಟಂತೆ ನೋವಾಗಿ ಎಚ್ಚರವಾಯಿತು. ಬೆಳಿಗ್ಗೆ ಕೆಂಪಾಗಿ ಊದಿತ್ತು, ಹೊದಿಕೆ ತಾಗಿದರೂ ತಡೆಯಲಾಗುತ್ತಿರಲಿಲ್ಲ. ಹತ್ತಿರದ ಡಾಕ್ಟರು ಯೂರಿಕ್ ಆಸಿಡ್ ನೋಡಿಸಿದರು, 6.4 ಬಂತು. ‘ನಾರ್ಮಲ್ ಇದೆ, ಉಳುಕಿರಬೇಕು’ ಎಂದು ನೋವಿನ ಮಾತ್ರೆ ಕೊಟ್ಟರು. ವಾರದಲ್ಲಿ ಸರಿಹೋಯಿತು. ದೀಪಾವಳಿ ಕಳೆದ ಮೇಲೆ ಮತ್ತೆ ಬಂತು. ಈ ವರ್ಷ ಶ್ರಾವಣಕ್ಕೆ ಮುಂಚಿನ ಅಮಾವಾಸ್ಯೆಯ ಪಾರ್ಟಿ, ಗಟಾರಿಯ ಮರುದಿನ ಮೂರನೇ ಸಲ, ಈ ಬಾರಿ ಎಡಗಾಲಿನ ಹರಡಿಗೆ. ತಿಂಗಳು ಬಿಟ್ಟು ನೋಡಿದರೆ ಯೂರಿಕ್ ಆಸಿಡ್ 8.9, ಕಿಡ್ನಿಗೆ ನೋಡುವ ಕ್ರಿಯಾಟಿನಿನ್ 1.1. ಬೇರೆ ಡಾಕ್ಟರು ಯೂರಿಕ್ ಆಸಿಡ್ ಇಳಿಸಲು ಅಲೋಪ್ಯುರಿನಾಲ್ 300 ಬರೆದರು. ಶುರು ಮಾಡಿ ಹತ್ತು ದಿನಕ್ಕೆ ಮತ್ತೆ ನೋವು! ಹೆದರಿ ನಿಲ್ಲಿಸಿದೆ. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಝೈಡ್ ಸೇರಿದ ಮಾತ್ರೆ ತುಂಬ ದಿನದಿಂದ ಇದೆ. ಮನೆಯಲ್ಲಿ ಈಗ ಬೇಳೆ, ಪಾಲಕ್, ಟೊಮೆಟೊ, ಹುಳಿ, ಮೊಸರು ಎಲ್ಲ ಬಂದ್. ಅಮ್ಮ ಊರಿಂದ ನಾಟಿ ಪುಡಿ ಕಳಿಸಿದ್ದಾರೆ. ಗೆಳೆಯರು ‘ಬಿಯರ್ ಬಿಡು, ವಿಸ್ಕಿ ನಡೆಯುತ್ತೆ’ ಅನ್ನುತ್ತಾರೆ. ಇದು ನಿಜಕ್ಕೂ ಗೌಟಾ, ಅಂದರೆ ಯೂರಿಕ್ ಆಸಿಡ್‌ನಿಂದ ಬರುವ ಗಂಟುನೋವಾ? ಮಾತ್ರೆ ಹಿಡಿದರೆ ಜೀವನವಿಡೀ ಅಂತೆ, ಕಿಡ್ನಿ ಹಾಳಾಗುತ್ತದಂತೆ, ಹೌದಾ? ನನ್ನ ತಮ್ಮನಿಗೂ ಚೆಕಪ್‌ನಲ್ಲಿ 7.6 ಬಂದಿದೆ. ನೋವೇನೂ ಇಲ್ಲ. ಅವನೂ ಮಾತ್ರೆ ತಗೊಳ್ಳಬೇಕಾ?

ಉತ್ತರ: ನೀವು ಕೇಳಿದ ಪ್ರಶ್ನೆಗಳು ಹಲವು. ಆದರೆ ಪತ್ರ ಓದಿದರೆ ಕಾಣುವ ಗಾಬರಿ ಒಂದೇ. ಮಾತ್ರೆ ತಗೊಂಡರೂ ನೋವು ಬಂತು, ಬಿಟ್ಟರೂ ಬರುತ್ತದೆ, ಪಥ್ಯ ಮಾಡಿ ಮಾಡಿ ತಟ್ಟೆಯಲ್ಲಿ ಬರೀ ಅನ್ನ ಉಳಿದಿದೆ, ಇನ್ನೇನು ಮಾಡಲಿ ಅಂತ, ಅಲ್ವಾ? ನನ್ನ ಹತ್ತಿರ ಬರುವ ಗೌಟ್ ರೋಗಿಗಳಲ್ಲಿ ನಮ್ಮ ಹೋಟೆಲ್‌ನವರು ತುಂಬ ಜನ. ಹೆಚ್ಚುಕಡಿಮೆ ಎಲ್ಲರೂ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ನೋವು ಇದ್ದಾಗ ಎಲ್ಲ ಔಷಧಿ, ನೋವು ಹೋದ ಮೇಲೆ ಬರೀ ಪಥ್ಯ. ನನ್ನ ಪ್ರಕಾರ ನಡೆಯಬೇಕಾದ್ದು ಬಹುಮಟ್ಟಿಗೆ ತಿರುವುಮುರುವು.

ಮೊದಲು ಇದು ಗೌಟೇ ಹೌದಾ ಎಂಬುದು. ನಡುರಾತ್ರಿ ಶುರು, ಒಂದು ದಿನದೊಳಗೆ ನೋವು ತುತ್ತತುದಿಗೆ, ಹೆಬ್ಬೆರಳ ಬುಡ, ಕೆಂಪು, ಬಟ್ಟೆ ತಾಗಿದರೂ ಸಹಿಸಲಾಗದು, ವಾರ ಹತ್ತು ದಿನದಲ್ಲಿ ತಾನಾಗಿ ಇಳಿಯಿತು, ಮಧ್ಯೆ ತಿಂಗಳುಗಟ್ಟಲೆ ಏನೂ ಇಲ್ಲ, ಮತ್ತೆ ಬೇರೆ ಗಂಟಿಗೆ ಬಂತು. ನೀವು ಬರೆದಿರುವುದು ಗೌಟ್‌ನ ಜಾತಕವೇ. ಉಳುಕು ಹೀಗೆ ನಿದ್ದೆಯಲ್ಲಿ ಬರುವುದಿಲ್ಲ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಗುವುದೂ ಇಲ್ಲ.

ಹಾಗಾದರೆ ಆ 6.4? ಇದೇ ನಿಮ್ಮನ್ನು ಒಂದು ವರ್ಷ ದಾರಿ ತಪ್ಪಿಸಿದ್ದು. ನೋವು ಜೋರಾಗಿದ್ದಾಗ ರಕ್ತದಲ್ಲಿ ಯೂರಿಕ್ ಆಸಿಡ್ ಎಷ್ಟೋ ಜನರಲ್ಲಿ ಇಳಿದಿರುತ್ತದೆ. ಆ ದಿನದ ಪರೀಕ್ಷೆ ನಾರ್ಮಲ್ ಬಂದರೆ ಗೌಟ್ ಅಲ್ಲ ಎಂದು ಹೇಳಲಾಗುವುದಿಲ್ಲ. ನೋವು ಪೂರ್ತಿ ಹೋಗಿ ಎರಡರಿಂದ ನಾಲ್ಕು ವಾರ ಆದ ಮೇಲೆ ನೋಡಿದ ಸಂಖ್ಯೆಯೇ ನಂಬಬೇಕಾದ್ದು. ನಿಮ್ಮದು ಆಗ 8.9 ಇತ್ತು.

ಪಕ್ಕಾ ಖಾತ್ರಿ ಬೇಕೆಂದರೆ ಊದಿದ ಗಂಟಿನಿಂದ ಸೂಜಿಯಲ್ಲಿ ಸ್ವಲ್ಪ ನೀರು ತೆಗೆದು ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸೂಜಿಯಂಥ ಸಣ್ಣ ಹರಳು ಕಂಡರೆ ಮತ್ತೆ ಚರ್ಚೆಯೇ ಇಲ್ಲ. ಪ್ರತಿಯೊಬ್ಬರಿಗೂ ಇದು ಬೇಕಿಲ್ಲ. ಅನುಮಾನ ಇರುವ ಕಡೆ ಅಲ್ಟ್ರಾಸೌಂಡ್ ಕೂಡ ಸಹಾಯ ಮಾಡುತ್ತದೆ. ಆದರೆ ಒಂದು ಸಂದರ್ಭದಲ್ಲಿ ಮಾತ್ರ ಸೂಜಿ ಹಾಕಲೇಬೇಕು. ಒಂದೇ ಗಂಟು ಊದಿದೆ, ಜೊತೆಗೆ ಚಳಿಜ್ವರ ಇದೆ, ಆಳು ತೀರಾ ಸುಸ್ತಾಗಿದ್ದಾರೆ ಎಂದರೆ ಗಂಟಿನೊಳಗೆ ಕೀವಾಗಿರಬಹುದು. ಅದು ಗೌಟ್‌ನಂತೆಯೇ ಕಾಣುತ್ತದೆ. ಗೌಟ್ ಇದ್ದವರಿಗೂ ಬರಬಹುದು. ತಡಮಾಡಿದರೆ ಕೆಲವೇ ದಿನದಲ್ಲಿ ಗಂಟು ಹಾಳಾಗುತ್ತದೆ. ಆ ದಿನ ನೋವಿನ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಓಡಬೇಕು. ನಮ್ಮ ಮುಂಬೈ ಮಳೆಗಾಲದಲ್ಲಿ ಇನ್ನೂ ಎರಡು ವೇಷಗಳಿವೆ. ತುಂಬಿದ ರಸ್ತೆಯ ನೀರಲ್ಲಿ ನಡೆದು, ಬೆರಳ ಸಂದಿಯ ಗಾಯದಿಂದ ಸೋಂಕು ಹತ್ತಿ ಪಾದ ಕೆಂಪಾಗುವುದು ಒಂದು. ಅಲ್ಲಿ ಗಂಟಿಗಿಂತ ಚರ್ಮವೇ ಜಾಸ್ತಿ ಬಿಸಿ, ಕೆಂಪು ಮೇಲಕ್ಕೆ ಹರಡುತ್ತ ಹೋಗುತ್ತದೆ. ಇನ್ನೊಂದು ಚಿಕುನ್‌ಗುನ್ಯಾ. ಜ್ವರದ ಜೊತೆ ಎರಡೂ ಕಡೆಯ ಕೈಕಾಲಿನ ಹಲವು ಗಂಟುಗಳು ಒಟ್ಟಿಗೆ ಹಿಡಿದುಕೊಳ್ಳುತ್ತವೆ.

ಈಗ ಒಳಗೆ ಏನಾಗುತ್ತಿದೆ ನೋಡೋಣ. ಇದು ಅರ್ಥವಾದರೆ ಮಾತ್ರೆಯ ಗೊಂದಲ ಅರ್ಧ ಬಗೆಹರಿಯುತ್ತದೆ.

ನಮ್ಮ ಜೀವಕೋಶಗಳು ಹಳತಾಗಿ ಒಡೆದಾಗ ಪ್ಯೂರಿನ್ ಎಂಬ ವಸ್ತು ಹೊರಬರುತ್ತದೆ. ಅದು ಕೊನೆಗೆ ಯೂರಿಕ್ ಆಸಿಡ್ ಆಗುತ್ತದೆ. ಮೂರರಲ್ಲಿ ಎರಡು ಪಾಲು ಹೀಗೆ ಮೈಯೊಳಗೇ ಹುಟ್ಟುವುದು. ಊಟದಿಂದ ಬರುವುದು ಉಳಿದ ಒಂದು ಪಾಲು. ಹೊರಗೆ ಹಾಕುವ ಕೆಲಸ ಹೆಚ್ಚಾಗಿ ಕಿಡ್ನಿಯದು, ಸ್ವಲ್ಪ ಕರುಳಿನದು. ನಾಯಿ, ದನದಂಥ ಹೆಚ್ಚಿನ ಪ್ರಾಣಿಗಳಲ್ಲಿ ಯೂರಿಕ್ ಆಸಿಡನ್ನು ಇನ್ನೂ ಒಡೆದು ಹಾಕುವ ಒಂದು ಕಿಣ್ವ ಇದೆ. ಮನುಷ್ಯರು ಮತ್ತು ದೊಡ್ಡ ವಾನರಗಳು ವಿಕಾಸದ ಹಾದಿಯಲ್ಲಿ ಅದನ್ನು ಕಳೆದುಕೊಂಡಿವೆ. ಗೌಟ್ ಬಂದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರ ತೊಂದರೆ ಅತಿಯಾಗಿ ತಿಂದದ್ದಲ್ಲ. ಅವರ ಕಿಡ್ನಿ ಯೂರಿಕ್ ಆಸಿಡನ್ನು ಬೇಕಾದಷ್ಟು ಹೊರಗೆ ಬಿಡುವುದಿಲ್ಲ. ಇದು ಬಹುಪಾಲು ವಂಶದಿಂದ ಬಂದ ಗುಣ. ಕ್ರಿಯಾಟಿನಿನ್ ಪೂರ್ತಿ ಸರಿಯಿದ್ದರೂ ಹೀಗಿರಬಹುದು. ಹಾಗಾಗಿ ‘ತಿಂದು ಕುಡಿದು ಬರಿಸಿಕೊಂಡ’ ಎಂದು ಯಾರಾದರೂ ಆಡಿಕೊಂಡರೆ ಸುಮ್ನೆ ಕಿವಿಗೆ ಹಾಕಿಕೊಳ್ಳಬೇಡಿ.

ಮೈ ಬಿಸಿಯಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಂವರೆಗೆ ಈ ಯೂರಿಕ್ ಆಸಿಡ್ ಕರಗಿರುತ್ತದೆ. ಅದಕ್ಕಿಂತ ಮೇಲೆ ಹೋದರೆ ಹರಳು ಕಟ್ಟಲು ಜಾಗ ಹುಡುಕುತ್ತದೆ. ಸಕ್ಕರೆ ಪಾಕ ಆರಿದಾಗ ಮೊದಲು ಪಾತ್ರೆಯ ತಣ್ಣಗಿನ ಅಂಚಿನಲ್ಲಿ ಹರಳು ಕಟ್ಟುತ್ತದಲ್ಲ, ಹಾಗೆಯೇ ಇಲ್ಲಿ ಹೃದಯದಿಂದ ದೂರದ, ಮೈಯಲ್ಲೇ ತಣ್ಣಗಿರುವ ಹೆಬ್ಬೆರಳು ಮೊದಲು ಸಿಗುತ್ತದೆ. ವರ್ಷಗಟ್ಟಲೆ ಹರಳು ಸದ್ದಿಲ್ಲದೆ ಸೇರುತ್ತಿರುತ್ತದೆ. ಒಂದು ದಿನ ಒಂದಷ್ಟು ಹರಳು ಕಳಚಿ ಗಂಟಿನ ನೀರಿಗೆ ಬೀಳುತ್ತದೆ. ಬಿಳಿ ರಕ್ತಕಣಗಳು ಅದನ್ನು ನುಂಗಲು ಹೋಗಿ ದೊಡ್ಡ ಗಲಾಟೆ ಎಬ್ಬಿಸುತ್ತವೆ. ನೀವು ರಾತ್ರಿ ಎರಡು ಗಂಟೆಗೆ ಅನುಭವಿಸಿದ್ದು ಆ ಗಲಾಟೆ. ಅದು ವಾರದಲ್ಲಿ ತಣ್ಣಗಾಗುತ್ತದೆ. ಹರಳು ಮಾತ್ರ ಅಲ್ಲೇ ಇರುತ್ತದೆ.

ಹಾಗಾಗಿ ನೋವು ಇಲ್ಲದ ತಿಂಗಳುಗಳಲ್ಲೂ ಕಾಯಿಲೆ ನಡೆಯುತ್ತಲೇ ಇದೆ. ಯೂರಿಕ್ ಆಸಿಡ್ 8.9ರಲ್ಲೇ ಇದ್ದರೆ ನೋವು ಪದೇ ಪದೇ ಬರತೊಡಗುತ್ತದೆ, ಮೇಲಿನ ಗಂಟುಗಳಿಗೂ ಹತ್ತುತ್ತದೆ. ಇನ್ನೂ ಬಿಟ್ಟರೆ ಕಿವಿಯ ಅಂಚು, ಮೊಣಕೈ, ಬೆರಳುಗಳಲ್ಲಿ ಸುಣ್ಣದಂಥ ಬಿಳಿ ಗಡ್ಡೆ ಏಳುತ್ತದೆ, ಎಲುಬು ಸವೆಯುತ್ತದೆ, ಕಿಡ್ನಿಯಲ್ಲಿ ಕಲ್ಲಾಗಬಹುದು. ಅದೇ ಸಂಖ್ಯೆ 6ರ ಕೆಳಗೆ ಬಂದು ಅಲ್ಲೇ ನಿಂತರೆ ಸೇರಿದ ಹರಳು ನಿಧಾನವಾಗಿ ಕರಗಿ ಹೋಗುತ್ತದೆ. ಗಂಟಿನ ಕಾಯಿಲೆಗಳಲ್ಲಿ ಇಷ್ಟು ಪೂರ್ತಿಯಾಗಿ ಹಿಂದಕ್ಕೆ ತಿರುಗಿಸಬಹುದಾದದ್ದು ಕಮ್ಮಿ. ಆದರೂ ಇಷ್ಟು ಅರೆಬರೆಯಾಗಿ ಚಿಕಿತ್ಸೆ ಸಿಗುವ ಕಾಯಿಲೆಯೂ ಇದೇ.

ಇನ್ನು ಅಡುಗೆಮನೆ. ನಿಮ್ಮ ಮನೆಯವರು ಪ್ರೀತಿಯಿಂದಲೇ ಮಾಡಿದ್ದಾರೆ. ಆದರೆ ಬಂದ್ ಮಾಡಿರುವ ಪಟ್ಟಿ ಹೆಚ್ಚುಕಡಿಮೆ ಪೂರ್ತಿ ತಪ್ಪು. ತೊಗರಿಬೇಳೆ, ರಾಜ್ಮಾ, ಪಾಲಕ್, ಹೂಕೋಸು, ಅಣಬೆಗಳಲ್ಲಿ ಪ್ಯೂರಿನ್ ಇದೆ, ಹೌದು. ಆದರೆ ಗಿಡದಿಂದ ಬರುವ ಪ್ಯೂರಿನ್ ಗೌಟ್ ತರುವುದು ಕಂಡುಬಂದಿಲ್ಲ. ಅಮೆರಿಕದಲ್ಲಿ 47 ಸಾವಿರಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮಾಂಸ ಮತ್ತು ಮೀನು ಜಾಸ್ತಿ ತಿಂದವರಲ್ಲಿ ಗೌಟ್ ಹೆಚ್ಚಿತ್ತು. ಪ್ಯೂರಿನ್ ಇರುವ ತರಕಾರಿ ತಿಂದವರಲ್ಲಿ ಹೆಚ್ಚಿರಲಿಲ್ಲ. ಹಾಲು, ಮೊಸರು ತಗೊಂಡವರಲ್ಲಿ ಕಮ್ಮಿಯೇ ಇತ್ತು. ಅಂದರೆ ಮೊಸರು ನಿಲ್ಲಿಸಿದ್ದು ಉಲ್ಟಾ ಕೆಲಸ. ಕೊಬ್ಬು ತೆಗೆದ ಮೊಸರು, ನೀರು ಮಜ್ಜಿಗೆ ದಿನವೂ ಇರಲಿ. ಹುಳಿ ತಿಂದರೆ ಆಸಿಡ್ ಜಾಸ್ತಿ ಆಗುತ್ತದೆ ಎನ್ನುವುದು ಹೆಸರು ಕೇಳಿ ಹುಟ್ಟಿದ ಭಯ. ಹುಣಸೆ, ನಿಂಬೆ, ಕೋಕಂಗೂ ಯೂರಿಕ್ ಆಸಿಡ್‌ಗೂ ಸಂಬಂಧ ಇಲ್ಲ. ಟೊಮೆಟೊದಲ್ಲಿ ಪ್ಯೂರಿನ್ ತೀರಾ ಕಮ್ಮಿ. ಬೇಳೆ, ಮೊಸರು ಎರಡೂ ಬಿಟ್ಟ ಸಸ್ಯಾಹಾರಿಗಳು ಕೆಲವರು ಪ್ರೊಟೀನೇ ಇಲ್ಲದೆ ಸೊರಗಿ ಬರುತ್ತಾರೆ. ನೋಡಿದರೆ ಬೇಸರವಾಗುತ್ತದೆ.

ನಿಜವಾಗಿ ಎಚ್ಚರ ಬೇಕಿರುವುದು ಬೇರೆ ಕಡೆ. ಕಲೀಜಿ, ಕಿಡ್ನಿ, ಭೇಜಾದಂಥ ಒಳಾಂಗಗಳನ್ನು ಬಿಟ್ಟೇಬಿಡಿ. ಮಟನ್ ಅಪರೂಪಕ್ಕಿರಲಿ. ಇಲ್ಲಿ ತಾರ್ಲಿ ಎನ್ನುವ ನಮ್ಮ ಬೂತಾಯಿ, ಬಂಗುಡೆ, ಮಾಂದೇಲಿ, ಮರುವಾಯಿ, ಸಿಗಡಿ, ಒಣಗಿಸಿದ ಜವಳಾ, ಇವುಗಳಲ್ಲಿ ಪ್ಯೂರಿನ್ ಜಾಸ್ತಿ. ಕರಾವಳಿಯವರಿಗೆ ಮೀನು ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ! ವಾರಕ್ಕೆ ಒಂದೆರಡು ಸಲ, ಎರಡು ತುಂಡು ಮೀನು, ಸಾರು ಬಟ್ಟಲುಗಟ್ಟಲೆ ಕುಡಿಯದೆ ತಿಂದರೆ ಹೆಚ್ಚಿನವರಿಗೆ ನಡೆಯುತ್ತದೆ. ಪ್ಯೂರಿನ್ ಬೆಂದ ನೀರಿಗೆ ಇಳಿಯುತ್ತದೆ. ಅದಕ್ಕೇ ತುಂಡಿಗಿಂತ ಸಾರು ಮತ್ತು ಪಾಯಾ ಸೂಪ್ ಮೇಲೆ ನನಗೆ ಅನುಮಾನ ಜಾಸ್ತಿ.

ಯಾರೂ ಲೆಕ್ಕಕ್ಕೆ ಹಿಡಿಯದ್ದು ಸಿಹಿ ಪಾನೀಯ. ತಂಪು ಪಾನೀಯದ ಬಾಟಲಿ, ಸಕ್ಕರೆ ಹಾಕಿದ ಕೋಕಂ ಶರಬತ್ತು, ದೊಡ್ಡ ಲೋಟದ ಮೋಸಂಬಿ ಜ್ಯೂಸ್, ಇವುಗಳಲ್ಲಿರುವ ಫ್ರಕ್ಟೋಸ್ ಲಿವರ್‌ಗೆ ಹೋಗಿ ನೇರವಾಗಿ ಯೂರಿಕ್ ಆಸಿಡ್ ಹುಟ್ಟಿಸುತ್ತದೆ. ಹಣ್ಣನ್ನು ಹಣ್ಣಾಗಿಯೇ ತಿಂದರೆ ತೊಂದರೆ ಇಲ್ಲ. ಹೋಟೆಲ್‌ನವರ ಇನ್ನೊಂದು ಕಷ್ಟ ಎಂದರೆ ಭಟ್ಟಿಯ ಬಿಸಿಯಲ್ಲಿ ದಿನವಿಡೀ ಬೆವರುವುದು, ನೀರಿನ ಬದಲು ಕಟಿಂಗ್ ಚಹಾ ಕುಡಿಯುತ್ತಾ ಇರುವುದು. ಮೈಯಲ್ಲಿ ನೀರು ಕಮ್ಮಿಯಾದರೆ ಯೂರಿಕ್ ಆಸಿಡ್ ದಪ್ಪವಾಗುತ್ತದೆ. ಹೃದಯ, ಕಿಡ್ನಿಯ ತೊಂದರೆಯಿಂದ ನೀರು ಮಿತಿ ಮಾಡಿ ಎಂದು ಡಾಕ್ಟರು ಹೇಳಿಲ್ಲವಾದರೆ ದಿನಕ್ಕೆ ಎರಡರಿಂದ ಮೂರು ಲೀಟರ್ ಕುಡಿಯಿರಿ. ಸಕ್ಕರೆ ಇಲ್ಲದ ಕಾಫಿಗೆ ಅಡ್ಡಿಯಿಲ್ಲ.

ಕುಡಿತದ ಬಗ್ಗೆ ನೇರವಾಗಿ ಹೇಳುತ್ತೇನೆ. ಬಿಯರ್ ಎಲ್ಲಕ್ಕಿಂತ ಕೆಟ್ಟದ್ದು ನಿಜ, ಅದರಲ್ಲಿ ಆಲ್ಕೋಹಾಲ್ ಜೊತೆ ಪ್ಯೂರಿನ್ನೂ ಇದೆ. ಆದರೆ ವಿಸ್ಕಿ, ರಮ್ ಸುರಕ್ಷಿತ ಎನ್ನುವುದು ಬಾರ್ ಟೇಬಲ್‌ನ ವಿಜ್ಞಾನ. ಯಾವ ಮದ್ಯವಾದರೂ ಒಂದು ಕಡೆ ಯೂರಿಕ್ ಆಸಿಡ್ ಹುಟ್ಟಿಸುತ್ತದೆ, ಇನ್ನೊಂದು ಕಡೆ ಅದು ಹೊರಗೆ ಹೋಗದಂತೆ ಕಿಡ್ನಿಯನ್ನು ತಡೆಯುತ್ತದೆ. ಶ್ರಾವಣ ಹಿಡಿಯುವ ಮುಂಚಿನ ಗಟಾರಿಯಲ್ಲಿ ಏನು ನಡೆಯುತ್ತದೆ ಎಂದು ಮುಂಬೈಯವರಿಗೆ ಹೇಳಬೇಕಾಗಿಲ್ಲ. ಮಟನ್, ಬಿಯರ್, ತಡರಾತ್ರಿ, ಮರುದಿನ ಮೈಯಲ್ಲಿ ನೀರಿಲ್ಲ, ನಾಲ್ಕೂ ಒಟ್ಟಿಗೆ. ನಮ್ಮೂರ ಕಡೆ ಅದೇ ಆಷಾಢದ ಅಮಾವಾಸ್ಯೆಗೆ ಬೆಳಗಾಗೆದ್ದು ಹಾಲೆ ಮರದ ಕಹಿ ಕಷಾಯ ಕುಡಿಯುವ ರೂಢಿ, ಇಲ್ಲಿ ಕುಡಿಯುವುದು ಬೇರೆ! ನಿಮ್ಮ ಮೂರನೇ ಸಲದ ನೋವಿಗೆ ಕಿಡಿ ಹಚ್ಚಿದ್ದು ಆ ರಾತ್ರಿಯೇ ಇರಬೇಕು. ಆದರೆ ಹರಳು ಸೇರಿದ್ದು ಅದಕ್ಕಿಂತ ಎಷ್ಟೋ ವರ್ಷ ಮೊದಲಿಂದ.

ಹಾಗೆಯೇ ಗಾಬರಿಯಲ್ಲಿ ಉಪವಾಸಕ್ಕೆ ಇಳಿಯಬೇಡಿ. ದಿಢೀರ್ ತೂಕ ಇಳಿಸುವ ಡಯಟ್, ನೀರೂ ಇಲ್ಲದ ಉಪವಾಸ ಎರಡೂ ನೋವನ್ನು ಎಬ್ಬಿಸುತ್ತವೆ. ಹೊಟ್ಟೆ ಇಳಿಸುವುದು ಒಳ್ಳೆಯದು, ತಿಂಗಳಿಗೆ ಒಂದೆರಡು ಕಿಲೋ ಸಾಕು.

ಇಷ್ಟೆಲ್ಲ ಪಥ್ಯ ಕಟ್ಟುನಿಟ್ಟಾಗಿ ಮಾಡಿದರೆ ಯೂರಿಕ್ ಆಸಿಡ್ ಎಷ್ಟು ಇಳಿಯುತ್ತದೆ ಗೊತ್ತಾ? ಸುಮಾರು 1. ನಿಮ್ಮ 8.9 ಆಗ 7.9 ಆಗುತ್ತದೆ. ಹರಳು ಕಟ್ಟುವ ಗೆರೆ 6.8. ಅಂದರೆ ಬೇಳೆ ಬಿಟ್ಟು, ಮೀನು ಬಿಟ್ಟು, ಮದುವೆಮನೆಯಲ್ಲಿ ಮೊಸರನ್ನವನ್ನೂ ದೂರ ತಳ್ಳಿ ಕೂತರೂ ಹರಳು ಸೇರುತ್ತಲೇ ಇರುತ್ತದೆ. ತಟ್ಟೆಯ ಮೇಲೆ ಇಷ್ಟು ಜಗಳ ಆಡಿ ಸಿಗುವುದು ಇಷ್ಟೇ ಎಂದು ತಿಳಿದರೆ ಮನೆಯಲ್ಲಿ ಸ್ವಲ್ಪ ಶಾಂತಿ ಆಗಬಹುದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬಿಪಿ ಮಾತ್ರೆ. ಅದರಲ್ಲಿರುವ ಹೈಡ್ರೋಕ್ಲೋರೋಥಯಾಝೈಡ್ ಮೂತ್ರ ಜಾಸ್ತಿ ಮಾಡಿಸುವ ಔಷಧಿ. ಯೂರಿಕ್ ಆಸಿಡ್ ಹೊರಗೆ ಹೋಗುವುದನ್ನು ಅದು ತಡೆಯುತ್ತದೆ. ಕ್ಲೋರ್ಥಾಲಿಡೋನ್ ಕೂಡ ಹಾಗೆಯೇ. ನೀವಾಗಿ ನಿಲ್ಲಿಸಬೇಡಿ, ಬಿಪಿ ಏರಿದರೆ ಅದರ ಅಪಾಯ ದೊಡ್ಡದು. ಡಾಕ್ಟರ ಹತ್ತಿರ ‘ಗೌಟ್ ಇದೆ, ಇದನ್ನು ಬದಲಿಸಬಹುದಾ’ ಎಂದು ಕೇಳಿ. ಲೊಸಾರ್ಟನ್ ಎಂಬ ಬಿಪಿ ಔಷಧಿ ಯೂರಿಕ್ ಆಸಿಡನ್ನು ಸ್ವಲ್ಪ ಇಳಿಸುತ್ತದೆ, ಆಮ್ಲೋಡಿಪಿನ್ ಏರಿಸುವುದಿಲ್ಲ. ಟಿಬಿ ಚಿಕಿತ್ಸೆಯ ಪೈರಝಿನಮೈಡ್, ಹೃದಯಕ್ಕೆ ಕೊಡುವ ಸಣ್ಣ ಡೋಸಿನ ಆಸ್ಪಿರಿನ್ ಕೂಡ ಯೂರಿಕ್ ಆಸಿಡ್ ಏರಿಸುತ್ತವೆ. ಆದರೆ ಅವು ಬೇಕೇ ಬೇಕಾದ ಔಷಧಿಗಳು, ಗೌಟ್‌ಗಾಗಿ ಅವನ್ನು ಬಿಡುವುದಿಲ್ಲ.

ಈಗ ನೀವು ಹೆದರಿ ಬಿಟ್ಟ ಅಲೋಪ್ಯುರಿನಾಲ್. 1966ರಿಂದ ಗೌಟ್‌ಗೆ ಬಳಕೆಯಲ್ಲಿದೆ. ಇದನ್ನು ಕಂಡುಹಿಡಿದ ತಂಡದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರಿಗೆ ಔಷಧಿಗಳ ಸಂಶೋಧನೆಗಾಗಿ 1988ರಲ್ಲಿ ನೊಬೆಲ್ ಸಿಕ್ಕಿತು. ಅಗ್ಗದ ಮಾತ್ರೆ. ಯೂರಿಕ್ ಆಸಿಡ್ ತಯಾರಾಗುವ ಕೊನೆಯ ಹೆಜ್ಜೆಯನ್ನೇ ಇದು ತಡೆಯುತ್ತದೆ. ನೋವು ಇಳಿಸುವ ಗುಣ ಇದಕ್ಕಿಲ್ಲ. ಶುರುವಿನ ತಿಂಗಳುಗಳಲ್ಲಿ ನೋವು ಎಬ್ಬಿಸುವುದೂ ಉಂಟು. ಏಕೆಂದರೆ ಸಂಖ್ಯೆ ಇಳಿದಂತೆ ಗಂಟಿನಲ್ಲಿ ಅಂಟಿಕೊಂಡ ಹರಳು ಸಡಿಲವಾಗಿ ಕಳಚುತ್ತದೆ. ನಿಮಗೆ ಹತ್ತನೇ ದಿನಕ್ಕೆ ಬಂದ ನೋವು ಬಹುಶಃ ಇದೇ. ಔಷಧಿ ಕೆಲಸ ಶುರು ಮಾಡಿದ್ದರ ಗುರುತು ಅದು. ಆದರೆ ಇದನ್ನು ಮೊದಲೇ ಹೇಳದಿದ್ದರೆ ಯಾರು ತಾನೇ ಮುಂದುವರಿಸುತ್ತಾರೆ?

ಹಾಗೆ ಆಗದಂತೆ ಮಾಡುವ ದಾರಿ ಇದೆ. 300ರಿಂದ ಶುರು ಮಾಡದೆ 100 ಮಿಲಿಗ್ರಾಂನಿಂದ ಶುರು ಮಾಡಬೇಕು. ಕಿಡ್ನಿ ದುರ್ಬಲ ಇದ್ದವರಿಗೆ 50. ನಾಲ್ಕು ವಾರಕ್ಕೊಮ್ಮೆ ರಕ್ತ ನೋಡಿ ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗಬೇಕು, ಯೂರಿಕ್ ಆಸಿಡ್ 6ರ ಕೆಳಗೆ ಬರುವವರೆಗೆ. ಗಡ್ಡೆಗಳಿದ್ದವರಿಗೆ 5ರ ಕೆಳಗೆ. ಕೆಲವರಿಗೆ 200 ಸಾಕು, ಕೆಲವರಿಗೆ 300 ಸಾಲದು. ಎಲ್ಲರಿಗೂ 300 ಎಂಬ ರೂಢಿ ಹೇಗೋ ಬಂದುಬಿಟ್ಟಿದೆ. ಈ ಏರಿಸುವ ಕಾಲದಲ್ಲಿ, ಮೂರರಿಂದ ಆರು ತಿಂಗಳು, ಜೊತೆಗೆ ದಿನಕ್ಕೆ ಒಂದೋ ಎರಡೋ ಸಲ ಗೌಟ್ ನೋವನ್ನು ತಡೆಯುವ ಕೊಲ್ಚಿಸಿನ್ ಎಂಬ ಔಷಧಿಯನ್ನು 0.5 ಮಿಲಿಗ್ರಾಂ ಕೊಟ್ಟರೆ ನೋವು ಏಳುವುದು ತುಂಬ ಕಮ್ಮಿಯಾಗುತ್ತದೆ. ಮಧ್ಯೆ ನೋವು ಬಂದರೂ ಅಲೋಪ್ಯುರಿನಾಲ್ ನಿಲ್ಲಿಸಬಾರದು. ನಿಲ್ಲಿಸಿ, ಮತ್ತೆ ಶುರು ಮಾಡಿ, ಮತ್ತೆ ನಿಲ್ಲಿಸುವುದೇ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ವಿಧಾನ.

ಇದರ ಅಪಾಯ ಏನು? ಒಂದು ಗಂಭೀರವಾದದ್ದಿದೆ, ಅಪರೂಪ. ಮೈಮೇಲೆ ದದ್ದು, ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು. ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲೇ ಬರುತ್ತದೆ. ದದ್ದು ಕಂಡ ದಿನವೇ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ‘ನಾಳೆ ನೋಡೋಣ’ ಎನ್ನಬೇಡಿ. ಕಮ್ಮಿ ಡೋಸಿನಿಂದ ಶುರು ಮಾಡಿದರೆ ಈ ಅಪಾಯವೂ ಕಮ್ಮಿ. ಅಝಥಯೋಪ್ರಿನ್ ಎಂಬ ಔಷಧಿ ತಗೊಳ್ಳುವವರು ಇದನ್ನು ಮುಟ್ಟುವ ಮೊದಲು ಹೇಳಲೇಬೇಕು, ಎರಡೂ ಸೇರಿದರೆ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿಯುತ್ತವೆ.

ಕಿಡ್ನಿ ಹಾಳಾಗುತ್ತದೆ ಎನ್ನುವ ಭಯ ಇದ್ದರೆ ಅದನ್ನು ನೋವಿನ ಮಾತ್ರೆಗಳ ಕಡೆ ತಿರುಗಿಸಿ. ಕೆಮಿಸ್ಟ್ ಹತ್ತಿರ ಕೈಚಾಚಿ ತಗೊಳ್ಳುವ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಎಟೊರಿಕಾಕ್ಸಿಬ್ ಪದೇ ಪದೇ ನುಂಗಿದರೆ ಬಿಪಿ ಏರುತ್ತದೆ, ಕಿಡ್ನಿಗೆ ಪೆಟ್ಟಾಗುತ್ತದೆ. ನಿಮ್ಮ ಬಿಪಿ ಮಾತ್ರೆಯ ಜೊತೆ ಸೇರಿದರೆ ಇನ್ನೂ ಜಾಸ್ತಿ. ಅಲೋಪ್ಯುರಿನಾಲ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ಆಗಲೇ ಕೆಟ್ಟವರಿಗೆ ಡೋಸ್ ಜಾಗ್ರತೆಯಿಂದ ಏರಿಸುತ್ತೇವೆ, ಅಷ್ಟೇ.

ಬೇರೆ ಔಷಧಿಗಳೂ ಇವೆ. ಫೆಬುಕ್ಸೊಸ್ಟಾಟ್ ಇಲ್ಲಿ ತುಂಬ ಬರೆಯುವ ಮಾತ್ರೆ, ದಿನಕ್ಕೆ 40 ಮಿಲಿಗ್ರಾಂನಿಂದ ಶುರು. ಒಳ್ಳೆಯ ಔಷಧಿಯೇ. ಆದರೆ 2018ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಹೃದ್ರೋಗ ಮೊದಲೇ ಇದ್ದವರಲ್ಲಿ ಇದನ್ನು ತಗೊಂಡವರ ಸಾವು ಅಲೋಪ್ಯುರಿನಾಲ್‌ನವರಿಗಿಂತ ಜಾಸ್ತಿ ಕಂಡಿತು. ಅಮೆರಿಕದ ಔಷಧ ನಿಯಂತ್ರಕರು 2019ರಲ್ಲಿ ಕಡುಎಚ್ಚರಿಕೆ ಹಾಕಿಸಿದರು. 2020ರಲ್ಲಿ ಯುರೋಪಿನ ಇನ್ನೊಂದು ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಾನು ಅಲೋಪ್ಯುರಿನಾಲ್ ಒಗ್ಗದವರಿಗೆ, ಅದರಿಂದ ಸಂಖ್ಯೆ ಇಳಿಯದವರಿಗೆ ಇದನ್ನು ಬಳಸುತ್ತೇನೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಕೊಡುವ ಮೊದಲು ಎರಡು ಸಲ ಯೋಚಿಸುತ್ತೇನೆ. ಪ್ರೊಬೆನೆಸಿಡ್ ಎಂಬುದು ಕಿಡ್ನಿಯಿಂದ ಯೂರಿಕ್ ಆಸಿಡ್ ಹೊರಗೆ ಕಳಿಸುತ್ತದೆ, ಕಲ್ಲಿನ ಇತಿಹಾಸ ಇದ್ದವರಿಗೆ ಆಗದು. ನಿಮಗೆ ಅದರ ಅಗತ್ಯ ಬರುತ್ತದೆ ಎಂದು ನನಗನಿಸುವುದಿಲ್ಲ.

ಮಾತ್ರೆಯೇ ಬೇಡ, ಪಥ್ಯದಲ್ಲೇ ನೋಡುತ್ತೇನೆ ಎಂದರೆ? ಮೊದಲ ಸಲ ನೋವು ಬಂದು, ಸಂಖ್ಯೆ 7.5ರ ಆಸುಪಾಸಿನಲ್ಲಿದ್ದರೆ ನಾನೂ ಒಪ್ಪುತ್ತಿದ್ದೆ. ಹಲವರಿಗೆ ಎರಡನೇ ನೋವು ಬರಲು ವರ್ಷಗಳೇ ಹಿಡಿಯುತ್ತವೆ. ವರ್ಷದಲ್ಲಿ ಎರಡು ಅಥವಾ ಅದಕ್ಕಿಂತ ಹೆಚ್ಚು ಸಲ ಬಂದರೆ, ಗಡ್ಡೆ ಎದ್ದರೆ, ಎಕ್ಸ್‌ರೇಯಲ್ಲಿ ಎಲುಬು ಸವೆದಿದ್ದರೆ ಮಾತ್ರೆ ಬೇಕೇ ಬೇಕು. ನೀವು ಮೊದಲ ಗೆರೆಯನ್ನು ಆಗಲೇ ದಾಟಿದ್ದೀರಿ.

ಜೀವನವಿಡೀ ಹೌದಾ ಎಂದರೆ, ಬಹುಮಟ್ಟಿಗೆ ಹೌದು. ಮಾತ್ರೆ ಚಟ ಹಿಡಿಸುತ್ತದೆ ಅಂತಲ್ಲ, ನಿಮ್ಮ ಕಿಡ್ನಿಯ ಹುಟ್ಟುಗುಣ ಬದಲಾಗುವುದಿಲ್ಲ ಅಂತ. ನಿಲ್ಲಿಸಿದರೆ ಸಂಖ್ಯೆ ಕೆಲವೇ ವಾರದಲ್ಲಿ ಹಳೇ ಜಾಗಕ್ಕೆ ಹೋಗುತ್ತದೆ, ಹರಳು ಮತ್ತೆ ಮೊದಲಿಂದ ಸೇರುತ್ತದೆ. ಬಿಪಿ ಮಾತ್ರೆಯನ್ನು ಇಷ್ಟು ವರ್ಷ ಯಾವ ತಕರಾರೂ ಇಲ್ಲದೆ ತಗೊಂಡಿದ್ದೀರಲ್ಲ, ಇದಕ್ಕೆ ಮಾತ್ರ ಯಾಕೆ ಇಷ್ಟು ಸಂಕೋಚ? ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬ ಇಷ್ಟ. ಅಲ್ಲಿ ಹೊಸ ಔಷಧಿ ಏನೂ ಇರಲಿಲ್ಲ. ನರ್ಸ್‌ಗಳು ರೋಗಿಗಳ ಜೊತೆ ಕೂತು ಕಾಯಿಲೆ ಏನು, ಮಾತ್ರೆ ಯಾಕೆ ಎಂದು ವಿವರಿಸಿ, ಸಂಖ್ಯೆ ನೋಡಿ ಡೋಸ್ ಏರಿಸಿದರು. ಎರಡು ವರ್ಷಕ್ಕೆ ನೂರಕ್ಕೆ 95 ಜನ ಗುರಿ ಮುಟ್ಟಿದ್ದರು. ಮಾಮೂಲಿ ಚಿಕಿತ್ಸೆಯಲ್ಲಿ ಇದ್ದವರಲ್ಲಿ ನೂರಕ್ಕೆ 30. ಮುಂಬೈಯ ಹೊರರೋಗಿ ಸರತಿಯಲ್ಲಿ ಡಾಕ್ಟರಿಗೆ ಅಷ್ಟು ಹೊತ್ತು ಸಿಗುವುದಿಲ್ಲ ಎಂಬುದು ನನಗೂ ಗೊತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೋವು ಮತ್ತೆ ಎದ್ದ ರಾತ್ರಿ ಏನು ಮಾಡಬೇಕು? ಬಿಸಿ ಎಣ್ಣೆ ಹಚ್ಚಿ ತಿಕ್ಕಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕಾಲು ಎತ್ತಿಟ್ಟು ಮಲಗಿ. ಔಷಧಿ ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು, ಮೊದಲ 12 ಗಂಟೆಯಲ್ಲಿ ತಗೊಂಡರೆ ಕೊಲ್ಚಿಸಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಮೊದಲು 1 ಮಿಲಿಗ್ರಾಂ, ಒಂದು ಗಂಟೆ ಬಿಟ್ಟು 0.5. ಭೇದಿ ಆಗುವವರೆಗೆ ಗಂಟೆಗೊಂದು ನುಂಗುವ ಹಳೇ ಪದ್ಧತಿ ಈಗಿಲ್ಲ. ಇದನ್ನು ಮೊದಲೇ ನಿಮ್ಮ ಡಾಕ್ಟರ ಹತ್ತಿರ ಬರೆಸಿಟ್ಟುಕೊಳ್ಳಿ, ಊರಿಗೆ ಹೋಗುವಾಗಲೂ ಚೀಲದಲ್ಲಿರಲಿ. ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್, ಡಿಲ್ಟಿಯಝೆಮ್, ವೆರಾಪಮಿಲ್ ಇವುಗಳ ಜೊತೆ ಕೊಲ್ಚಿಸಿನ್ ವಿಷದ ಮಟ್ಟಕ್ಕೆ ಏರಬಹುದು. ಕಿಡ್ನಿ ದುರ್ಬಲವಿದ್ದವರು, ಕೊಲೆಸ್ಟೆರಾಲ್‌ಗೆ ಸ್ಟಾಟಿನ್ ತಗೊಳ್ಳುವವರು ಮೊದಲೇ ಹೇಳಬೇಕು. ಕೊಲ್ಚಿಸಿನ್ ಆಗದವರಿಗೆ ನಾಲ್ಕೈದು ದಿನದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಒಳ್ಳೆಯ ದಾರಿ. ಸಕ್ಕರೆ ಕಾಯಿಲೆ ಇದ್ದರೆ ಆ ದಿನಗಳಲ್ಲಿ ಶುಗರ್ ನೋಡಿಕೊಳ್ಳಬೇಕು.

ಅಮ್ಮ ಕಳಿಸಿದ ಪುಡಿ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗಿದೆ. ಗಂಟುನೋವಿಗೆ ಮಾರುವ ಇಂಥ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ನೋವು ಮಾಯ ಆಗುತ್ತದೆ, ಜೊತೆಗೆ ಮುಖ ಊದುತ್ತದೆ, ಶುಗರ್ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಇನ್ನೊಂದು ಅಪಾಯ ಗೆಡ್ಡೆಯದು. ಮಳೆಗಾಲದಲ್ಲಿ ಬೇಲಿಯ ಮೇಲೆ ಬೆಂಕಿಯ ನಾಲಗೆಯಂಥ ಹೂ ಬಿಡುವ ಅಗ್ನಿಶಿಖೆ ಗೊತ್ತಲ್ಲ, ಮರಾಠಿಯವರ ಕಳಲಾವಿ? ಅದರ ಗೆಡ್ಡೆಯಲ್ಲಿರುವುದೂ ಕೊಲ್ಚಿಸಿನ್ನೇ. ಹಾಗಾದರೆ ನಾಟಿಯೂ ಒಂದೇ, ಮಾತ್ರೆಯೂ ಒಂದೇ ಎನ್ನಬೇಡಿ. ಮಾತ್ರೆಯಲ್ಲಿ ಅರ್ಧ ಮಿಲಿಗ್ರಾಂ ಇದೆ ಎಂದು ಗೊತ್ತು, ಗೆಡ್ಡೆಯಲ್ಲಿ ಎಷ್ಟಿದೆ ಎಂದು ಯಾರಿಗೂ ಗೊತ್ತಿಲ್ಲ. ಅದನ್ನು ತಿಂದು ಜನ ಸತ್ತಿದ್ದಾರೆ. ಏನು ಹಾಕಿದ್ದಾರೆ ಎಂದು ಬರೆದಿರದ ಪುಡಿಯನ್ನು ಅಮ್ಮನ ಮನಸ್ಸು ನೋಯಿಸದೆ ಬದಿಗಿಡಿ.

ನಾನು ನಿಮ್ಮನ್ನು ನೋಡಿಲ್ಲ, ಹಾಗಾಗಿ ಇಲ್ಲಿಂದಲೇ ಡೋಸ್ ಬರೆಯುವುದಿಲ್ಲ. ಡೊಂಬಿವಿಲಿ, ಠಾಣೆಯಲ್ಲೇ ಗಂಟುರೋಗ ತಜ್ಞರು ಸಿಗುತ್ತಾರೆ. ಖರ್ಚಿನ ಚಿಂತೆ ಇದ್ದರೆ ಪರೇಲ್‌ನ ಕೆಇಎಂನಂಥ ಪಾಲಿಕೆ ಆಸ್ಪತ್ರೆ ಇದೆ. ಹೋಗುವಾಗ ಎರಡೂ ಯೂರಿಕ್ ಆಸಿಡ್ ವರದಿ, ಬಿಪಿ ಮಾತ್ರೆಯ ಪಟ್ಟಿ, ಇಷ್ಟರವರೆಗೆ ನುಂಗಿದ ನೋವಿನ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಕೊಂಡೊಯ್ಯಿರಿ. ಅಲೋಪ್ಯುರಿನಾಲ್ ಮತ್ತೆ ಕಮ್ಮಿ ಡೋಸಿನಿಂದ, ಕೊಲ್ಚಿಸಿನ್ ಜೊತೆ ಶುರು ಮಾಡಬಹುದಾ ಎಂದು ನೀವೇ ಕೇಳಿ. ಗುರಿ ಎಷ್ಟು ಎಂದೂ ಕೇಳಿ. ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಬೇರೆಯವರನ್ನು ನೋಡಿ.

ಉಳಿದದ್ದು ತಮ್ಮನ ವಿಷಯ. ಪ್ಯಾಕೇಜ್ ಚೆಕಪ್‌ಗಳು ಬಂದ ಮೇಲೆ ಹೀಗೆ ಬರೀ ಸಂಖ್ಯೆ ಹಿಡಿದು ಬರುವವರು ಜಾಸ್ತಿಯಾಗಿದ್ದಾರೆ. ಯೂರಿಕ್ ಆಸಿಡ್ ಜಾಸ್ತಿ ಇರುವ ಹೆಚ್ಚಿನವರಿಗೆ ಗೌಟ್ ಬರುವುದೇ ಇಲ್ಲ. ನೋವಿಲ್ಲ, ಕಲ್ಲಿಲ್ಲ, 7.6 ಅಷ್ಟೇ ಎಂದರೆ ಮಾತ್ರೆ ಬೇಡ. ತೂಕ, ಬಿಪಿ, ಶುಗರ್, ಕ್ರಿಯಾಟಿನಿನ್ ನೋಡಿಸಿಕೊಳ್ಳಲಿ, ಏಕೆಂದರೆ ಇವೆಲ್ಲ ಒಂದರ ಹಿಂದೊಂದು ಬರುವಂಥವು. ಬಿಯರ್ ಮತ್ತು ಸಿಹಿ ಪಾನೀಯ ಕಮ್ಮಿ ಮಾಡಲಿ. ಬೇಳೆಸಾರು ಬಿಡುವುದು ಬೇಡ.